ಜೊಳ್ಳು ಕಾಯಿ

ಹೇಳಿಬಿಟ್ಟಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದು ಭಾರ್ಗವ ತನ್ನನ್ನೇ ಕೇಳಿಕೊಂಡ. ಕೇಳಿಕೊಂಡದ್ದು ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಶಫಿಯ ಮಟನ್ ಅಂಗಡಿಯ ಮುಂದೆ ಬಟ್ಟೆಚೀಲ ಹಿಡಿದು ನಿಂತುಕೊಂಡು. ಭಾನುವಾರದ ಬೆಳಿಗ್ಗೆ, ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆಯಲ್ಲಿ ಬೆಳೆದವನು, ವಿಮೆ ನೌಕರರ ಕಾಲೊನಿಯಲ್ಲಿ ಅಪ್ಪ ಕೃಷ್ಣಸ್ವಾಮಿಯ ಸಂಧ್ಯಾವಂದನೆ ಮುಗಿಯುವ ತನಕ ಕಾಫಿ ಲೋಟ ಮುಟ್ಟದವನು, ಈಗ ಮಾವನ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಯಿಲ್ಲದೆ ಇದ್ದುಕೊಂಡು ಮಾವ ಹೇಳಿದಾಗಲೆಲ್ಲ ಮಟನ್ ತರುವವನಾಗಿದ್ದ. ಕೆ.ಆರ್. ಪುರದಲ್ಲಿ ಹೆಜ್ಜೆಗೊಂದು ಅಂಗಡಿಯಿದೆ. ಆದರೂ ಮುನಿಆಂಜನಪ್ಪನಿಗೆ ಶಫಿಯ ಅಂಗಡಿಯದೇ ಆಗಬೇಕು, ಅದನ್ನು ಅಳಿಯನೇ ತರಬೇಕು. ರುಚಿಯ ಮಾತು ಬರೀ ನೆಪ, ತನ್ನನ್ನು ಹೀಗೆ ನಿಲ್ಲಿಸುವುದರಲ್ಲೇ ಮಾವನಿಗೆ ರುಚಿ ಎಂಬುದು ಭಾರ್ಗವನಿಗೆ ಮೊದಲ ಸಲವೇ ಗೊತ್ತಾಗಿತ್ತು.

"ಆವೋ ಸಾರ್, ಬನ್ನಿ ಬನ್ನಿ. ಮುನಿಆಂಜನಪ್ಪಣ್ಣನ ದಾಮಾದ್ ಬಂದ್ರು, ದಾರಿ ಬಿಡ್ರೋ," ಎಂದು ಶಫಿ ಒಳಗಿನಿಂದಲೇ ಕೂಗಿದ. "ಅಣ್ಣ ಫೋನ್ ಮಾಡಿದ್ರು. ಬಿಲ್ಡರ್ ಊಟಕ್ಕೆ ಬರ್ತಾವ್ನೆ, ತೊಡೇದು ಹಾಕು ಅಂದ್ರು. ನೀವು ಆ ಕಡೆ ಮುಖ ಮಾಡ್ಕೊಳ್ಳಿ ಸಾರ್, ಎರಡೇ ನಿಮಿಷ."

ನಿಂತವರು ನಕ್ಕರು. ಭಾರ್ಗವನೂ ನಕ್ಕ. ಮಾವನ ಮನೆ ಸೇರಿದ ಮೇಲೆ ಅವನು ಕಲಿತ ವಿದ್ಯೆ ಅದೊಂದೇ, ತನ್ನನ್ನು ನೋಡಿ ನಗುವವರ ಜೊತೆ ತಾನೂ ನಕ್ಕುಬಿಡುವುದು. ಶಫಿ ಪಾಪದವನು, ನಿಜವಾಗಿಯೂ ಇವನಿಗೆ ಹೇಸಿಗೆಯಾಗದಿರಲಿ ಎಂದೇ ಹೇಳಿದ್ದ. ಪಾಪದವರ ನಗುವೇ ಜಾಸ್ತಿ ಚುಚ್ಚುತ್ತದೆ ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಅವನು ಬೇಕೆಂದೇ ಮುಖ ತಿರುಗಿಸದೆ ಕತ್ತಿ ಮೇಲೇಳುವುದನ್ನೂ ಬೀಳುವುದನ್ನೂ ನೋಡುತ್ತ ನಿಂತ.

ಸ್ಕೂಟರಿನ ಕೊಕ್ಕೆಗೆ ಹಾಕಿದ ಚೀಲ ಮೊಣಕಾಲಿಗೆ ಬೆಚ್ಚಗೆ ತಾಗುತ್ತಿತ್ತು. ಹಲಸೂರು ಕೆರೆಯ ಪಕ್ಕದ ಸಿಗ್ನಲ್ಲಿನಲ್ಲಿ ಅವನು ಕಾಲನ್ನು ಆದಷ್ಟು ಹೊರಗಿಟ್ಟು ನಿಂತ. ಇವತ್ತು ಕಡಲೆಕಾಯಿ ಕೀಳುವ ದಿನ. ಕೆ.ಆರ್. ಪುರದ ಹಳೇ ಊರಿನ ಹಿಂದೆ, ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ನಡುವೆ ಅತ್ತೆ ಆಂಜನಮ್ಮನ ತುಂಡು ಹೊಲ ಉಳಿದಿತ್ತು. ಮದುವೆಯಲ್ಲಿ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಟ್ಟ ಭೂಮಿ. ಮಿಕ್ಕದ್ದನ್ನೆಲ್ಲ ಮುನಿಆಂಜನಪ್ಪ ಲೇಔಟು, ಬಾಡಿಗೆ ಮನೆ, ಮಳಿಗೆ ಎಂದು ಮಾಡಿ ಮುಗಿಸಿದ್ದ. ಇದಕ್ಕೆ ಮಾತ್ರ ಹೆಂಡತಿಯ ಸಹಿ ಬೇಕಾಗಿತ್ತು, ಹೆಂಡತಿ ಹಾಕಿರಲಿಲ್ಲ. ಯುಗಾದಿಯ ದಿನ ಒಬ್ಬಟ್ಟಿನ ಮುಂದೆ ಕೂತು ಅವನು ಅಂದಿದ್ದ: "ಹೋದ ವರ್ಷ ಏನ್ ಬಂತೇ? ಎರಡು ಮೂಟೆ ಸಿಪ್ಪೆ ಬಂತು. ಇದೊಂದ್ ಸಲ ಬೆಳೆ ತೆಗೆದು ತೋರ್ಸು, ನಾನು ಸಾಯೋಗಂಟ ಅದರ ಸುದ್ದಿ ಎತ್ತಲ್ಲ. ಬರ್ಲಿಲ್ವಾ, ಬಾಯ್ಮುಚ್ಕೊಂಡು ಬಿಲ್ಡರ್ ವೆಂಕಟಸ್ವಾಮಿಗೆ ಸೈನ್ ಹಾಕ್ಕೊಡ್ಬೇಕು." ಆಂಜನಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಬಿಡುತ್ತಲೇ ಆಯ್ತು ಅಂದಳು. ಅಂದವಳು ಅಳಿಯನ ಕಡೆ ತಿರುಗಿ, "ಈ ಸಲ ನಮ್ಮ ಅಳಿಯಂದ್ರು ಮನೇಲೇ ಅವ್ರಲ್ಲ," ಎಂದು ನಕ್ಕಳು. ಆ ಮಾತಿನ ನಂಬಿಕೆ ಭಾರ್ಗವನಿಗೆ ಆಗ ಎಷ್ಟು ಹಿತವಾಗಿತ್ತೆಂದರೆ ಅವನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ನಂಬುವುದಕ್ಕೆ ಕಾರಣವೂ ಇತ್ತು. ಎಣ್ಣೆಕಾಳಿನ ಬೆಳೆಗೆ ಯಾವ ಗೊಬ್ಬರ ಏನು ಮಾಡುತ್ತದೆ ಎಂಬುದೇ ಅವನ ಡಾಕ್ಟರೇಟಿನ ವಿಷಯ. ಯೌವನವನ್ನೆಲ್ಲ ಅವನು ಕಡಲೆಕಾಯಿ ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಕಳೆದಿದ್ದ. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ನೋಡುವವರಿಗೆ ಹಬ್ಬ, ಕೀಳುವವರಿಗೆ ಏನೂ ಇಲ್ಲ. ಗಂಧಕವಿಲ್ಲದಿದ್ದರೆ ಎಣ್ಣೆ ಕಮ್ಮಿ. ಸುಣ್ಣದಂಶವಿಲ್ಲದಿದ್ದರೆ ಕಾಳೇ ಇಲ್ಲ. ಹೂವುದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಮಣ್ಣಿಗಿಳಿದು ತುದಿಯಲ್ಲಿ ಕಾಯಾಗುತ್ತದಲ್ಲ, ಆ ಕಾಯಿಗೆ ಬೇಕಾದ ಸುಣ್ಣವನ್ನು ತಾಯಿಬೇರು ಎಷ್ಟು ಹೀರಿದರೂ ಕಳಿಸಲಾರದು. ಕಾಯಿಯೇ ಸುತ್ತಲಿನ ಮಣ್ಣಿನಿಂದ ತನ್ನ ಸಿಪ್ಪೆಯ ಮೂಲಕ ಹೀರಿಕೊಳ್ಳಬೇಕು. ಮಣ್ಣಿನಲ್ಲಿ ಇಲ್ಲದಿದ್ದರೆ ಹೊರಗೆ ದುಂಡಗಿನ ಕಾಯಿ, ಒಳಗೆ ಗಾಳಿ. ಹಿಂದಿನವರು ಸೂಪರ್ ಫಾಸ್ಫೇಟ್ ಹಾಕುತ್ತಿದ್ದರು, ಅದರಲ್ಲಿ ಸುಣ್ಣವೂ ಗಂಧಕವೂ ತಾವಾಗಿಯೇ ಬರುತ್ತಿದ್ದವು. ಆಮೇಲೆ ಎಲ್ಲರೂ ಡಿಎಪಿ ಯೂರಿಯಾ ಹಿಂದೆ ಬಿದ್ದರು, ಅವುಗಳಲ್ಲಿ ಎರಡೂ ಇಲ್ಲ. ಆಂಜನಮ್ಮನ ಕೆಂಪು ಮಣ್ಣಿಗೆ ವರ್ಷಗಟ್ಟಲೆ ಬಿದ್ದದ್ದು ಡಿಎಪಿಯೇ. ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಎರಡು ಮೂಟೆ ಜಿಪ್ಸಮ್ ಚೆಲ್ಲಿದರೆ ಮುಗಿಯಿತು. ಜಿಪ್ಸಮ್ ಎಂದರೆ ಸುಣ್ಣ, ಗಂಧಕ ಎರಡೂ ಇರುವ, ಗೊಬ್ಬರಗಳಲ್ಲೆಲ್ಲ ಅಗ್ಗದ ಬಿಳಿ ಪುಡಿ, ಅಷ್ಟೇ. ಮೊದಲ ದಿನ ಹೊಲಕ್ಕೆ ಕಾಲಿಟ್ಟಾಗಲೇ ಅವನಿಗೆ ಇದು ಗೊತ್ತಾಗಿತ್ತು, ಹೂ ಬಿಡಲಿ, ಆಗ ಹೇಳಿದರಾಯಿತು ಎಂದುಕೊಂಡಿದ್ದ.

ಹೂ ಬಿಡುವುದಕ್ಕೆ ಸ್ವಲ್ಪ ಮುಂಚೆ ಬೆನ್ಸನ್ ಟೌನಿನಲ್ಲಿ ಮಾವನ ಗೆಳೆಯನೊಬ್ಬನ ಗೃಹಪ್ರವೇಶವಾಯಿತು. ಯಾರೋ ಹಿರಿಯರು ಭಾರ್ಗವನನ್ನು ನೋಡಿ, ಮೈಯೆಲ್ಲ ನೋವಪ್ಪಾ ಡಾಕ್ಟ್ರೇ, ಏನಾದ್ರೂ ಬರ್ಕೊಡಿ ಎಂದರು. ಮುನಿಆಂಜನಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಕೆನ್ನೆಗೆ ಸರಿಸಿ, "ಅಯ್ಯೋ ಇವ್ರು ಆ ಡಾಕ್ಟ್ರಲ್ಲ ಸ್ವಾಮಿ, ಕಳ್ಳೇಕಾಯಿ ಡಾಕ್ಟ್ರು! ಕಳ್ಳೇಕಾಯಿಗೆ ಜ್ವರ ಬಂದ್ರೆ ನಾಡಿ ಹಿಡಿದು ನೋಡ್ತಾರೆ. ಅದಕ್ಕೇ ನಮ್ಮನೇಲಿ ಊಟ ಹಾಕಿ ಇಟ್ಕೊಂಡಿದೀನಿ," ಎಂದ. ಪಂಕ್ತಿಯೆಲ್ಲ ನಕ್ಕಿತು. ಮಾವ ಅಂದದ್ದು ಹೊಸದಲ್ಲ, ಬೀದಿಯಲ್ಲಿ ಬಿದ್ದ ಕಲ್ಲಿಗೆ ಒದ್ದಷ್ಟು ಸಲೀಸಾಗಿ ಅವನು ಇಂಥದ್ದು ಅನ್ನುತ್ತಿದ್ದ. ಆದರೆ ಎದುರು ಸಾಲಿನಲ್ಲಿ ಕೂತಿದ್ದ ಆಂಜನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಅವಳ ಭುಜ ಕುಣಿಯಿತು. ಅವಳು ನಕ್ಕಳು. ಇವನಿಗೆಂದು ಬೇರೆ ಪಾತ್ರೆ ಇಟ್ಟು, ಮೊದಲು ಇವನ ಸಾರು ಮಾಡಿ, ಆಮೇಲೆ ಮನೆಯವರಿಗೆಲ್ಲ ಮಟನ್ ಮಾಡುವ ಆಂಜನಮ್ಮ, ಅಳಿಯಂದ್ರೆ ಎಂದು ಕರೆಯುವಾಗ ನಿಜವಾದ ಗೌರವ ಇಟ್ಟು ಕರೆಯುವ ಒಬ್ಬಳೇ ಒಬ್ಬಳು. ಮಾವನನ್ನು ದ್ವೇಷಿಸುವಷ್ಟು ಧೈರ್ಯ ಭಾರ್ಗವನಿಗೆ ಇರಲಿಲ್ಲ, ತಲೆಯ ಮೇಲಿನ ಸೂರು ಮಾವನದು. ಆದ್ದರಿಂದ ಅವನು ಅತ್ತೆಯನ್ನು ದ್ವೇಷಿಸಿದ. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಅದು ಪೂರ್ತಿಯಾಗಿತ್ತು.

ಬೈಯಪ್ಪನಹಳ್ಳಿ ದಾಟುವಾಗ ನೆತ್ತಿಯ ಮೇಲೆ ಮೆಟ್ರೋ ಹೋಯಿತು. ವಾರವೆಲ್ಲ ಅವನೂ ಅದರಲ್ಲೇ ಇಂದಿರಾನಗರದ ಆಫೀಸಿಗೆ ಹೋಗುತ್ತಾನೆ, ಅಲ್ಲಿ ಕೂತು ರೈತರ ಮೊಬೈಲಿಗೆ ಸಲಹೆ ಬರೆದು ಕಳಿಸುತ್ತಾನೆ. ಗೃಹಪ್ರವೇಶವಾದ ಮಾರನೆಯ ವಾರ ಪಾವಗಡದಿಂದ ಚಳ್ಳಕೆರೆಯ ತನಕ ಕಡಲೆಕಾಯಿ ಹಾಕಿದವರಿಗೆಲ್ಲ ಅವನೇ ಬರೆದಿದ್ದ: ಈಗ ಜಿಪ್ಸಮ್ ಕೊಡಿ, ತಡ ಮಾಡಬೇಡಿ, ತಡವಾದರೆ ಕಾಯಿ ಜೊಳ್ಳಾಗುತ್ತದೆ. ಬರೆದು, ಕಳಿಸಿ, ಸಂಜೆ ಮನೆಗೆ ಬಂದರೆ ಆಂಜನಮ್ಮ ಹೊಲದ ಬದುವಿನ ಮೇಲೆ ಕಾದಿದ್ದಳು. ಸುತ್ತಲೂ ಹಳದಿ ಹೂ. "ಅಳಿಯಂದ್ರೆ, ಹೂವ ಚೆನ್ನಾಗೈತೆ ಅಲ್ವಾ? ಇದಕ್ಕೆ ಈಗ ಏನಾದ್ರೂ ಹಾಕ್ಬೇಕಾ? ಅಂಗಡಿಯವನು ಒಸಿ ಪೊಟ್ಯಾಷ್ ಹಾಕಮ್ಮ, ಕಾಯಿ ದಪ್ಪ ಆಯ್ತದೆ ಅಂತವ್ನೆ. ಹಾಕ್ಲಾ?" ಎಂದು ಕೇಳಿದಳು. ಪೊಟ್ಯಾಷ್ ಹೆಚ್ಚಾದರೆ ಇದ್ದಬದ್ದ ಸುಣ್ಣವನ್ನೂ ಅದು ಕಾಯಿಗೆ ಸೇರಗೊಡುವುದಿಲ್ಲ. ಪ್ರಬಂಧದಲ್ಲಿ ಅದಕ್ಕೇ ಒಂದು ಅಧ್ಯಾಯ ಬರೆದವನು ಅವನು. ಅವಳ ಮುಖ ನೋಡಿದ. ಸೆರಗಿನ ತುದಿ ಅವಳ ಬಾಯಿಯ ಹತ್ತಿರವೇ ಇತ್ತು, ಬೆವರು ಒರೆಸಿಕೊಳ್ಳುತ್ತಿದ್ದಳು.

"ಹಾಕಿ ಅತ್ತೆ. ಧಾರಾಳವಾಗಿ ಹಾಕಿ," ಎಂದಿದ್ದ.

ಸುಮ್ಮನಿದ್ದದ್ದು ಬೇರೆ, ಇದು ಬೇರೆ ಎಂದು ಈಗ ಕೆ.ಆರ್. ಪುರದ ತೂಗುಸೇತುವೆಯ ಕೆಳಗಿನ ಜಾಮಿನಲ್ಲಿ ಸಿಕ್ಕಿಕೊಂಡು ಅವನು ಯೋಚಿಸಿದ. ಸುಮ್ಮನಿದ್ದದ್ದಕ್ಕೆ ಮರೆತೆ ಅನ್ನಬಹುದು, ಕೇಳಲಿಲ್ಲ ಅನ್ನಬಹುದು. ಹಾಕಿ ಅಂದದ್ದಕ್ಕೆ ಏನು ಹೇಳುವುದು? ಆ ರಾತ್ರಿ ಅವನಿಗೆ ಗಡದ್ದಾಗಿ ನಿದ್ದೆ ಬಂದಿತ್ತು, ಅದೇ ಅವನನ್ನು ಹೆದರಿಸುತ್ತಿತ್ತು. ಮಾರನೆಯ ದಿನ ಹೇಳೋಣ ಅನ್ನಿಸಿತ್ತು, ಆದರೆ ಪೊಟ್ಯಾಷ್ ಬಿದ್ದಾಗಿತ್ತು. ಅದರ ಮಾರನೆಯ ದಿನವೂ ಅನ್ನಿಸಿತ್ತು. ಆಮೇಲೆ ಗಿಡ ಸೊಂಪಾಗಿ ಹಬ್ಬಿ, ಹೆಂಡತಿ ರಮ್ಯ ಮಹಡಿಯಿಂದ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿ, "ಅಮ್ಮ ಎಷ್ಟು ಖುಷಿಯಾಗಿದ್ದಾಳೆ ನೋಡೋ, ನೀನಂತೂ ಒಂದು ದಿನ ಕೈ ಮಣ್ಣು ಮಾಡ್ಕೊಳ್ಲಿಲ್ಲ," ಎಂದು ಬೈದಾಗ, ಹೇಳಬೇಕಾದ ದಿನಗಳೆಲ್ಲ ದಾಟಿಹೋಗಿದ್ದವು. ಅವನಿಗೆ ದುಃಖವಾಗಿತ್ತು. ದುಃಖದ ಅಡಿಯಲ್ಲಿ ಒಂದು ತರದ ಕುತೂಹಲವೂ ಇತ್ತು. ಥೂ, ಎಂಥ ಮನುಷ್ಯ ತಾನು ಎಂದು ಬೈದುಕೊಂಡ. ಬೈದುಕೊಂಡರೆ ಸ್ವಲ್ಪ ಹಗುರವಾಗುತ್ತಿತ್ತು, ಆದ್ದರಿಂದ ಆಗಾಗ ಬೈದುಕೊಳ್ಳುತ್ತಿದ್ದ.

ಮನೆ ಮುಟ್ಟಿದಾಗ ವೆಂಕಟಸ್ವಾಮಿಯ ಬಿಳಿ ಕಾರು ಹೊಲದ ಪಕ್ಕ ನಿಂತಿತ್ತು. ರಮ್ಯ ಚೀಲ ಇಸಿದುಕೊಂಡು ಒಳಗೆ ಹೋದಳು. ಬದುವಿನ ಮೂಲೆಯ ಕಲ್ಲಿಗೆ ಪೂಜೆಯಾಗಿತ್ತು, ಊದುಬತ್ತಿ ಉರಿಯುತ್ತಿತ್ತು. ಆಂಜನಮ್ಮ ಹೊಸ ಸೀರೆ ಉಟ್ಟು, ಅದನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಮುನಿಆಂಜನಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಬಂದ್ರು ನೋಡಪ್ಪ ಡಾಕ್ಟ್ರು, ಇನ್ನು ಆಪರೇಷನ್ ಶುರು," ಎಂದ. ವೆಂಕಟಸ್ವಾಮಿ ನಗಲಿಲ್ಲ, ಅವನು ಗಿಡಗಳನ್ನು ನೋಡುತ್ತಿದ್ದ. ಅಷ್ಟು ಹಸಿರು ಕಂಡು ಅವನ ಮುಖ ಬಾಡಿತ್ತು.

ಆಂಜನಮ್ಮನ ತವರಿನ ಕಡೆ ಒಂದು ಪದ್ಧತಿ. ಮೊದಲು ಕಿತ್ತ ಗಿಡದ ಕಾಯನ್ನು ಮನೆಯ ಅಳಿಯ ಬಿಡಿಸಿ ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಮಿಕ್ಕವರು ಹೊಲಕ್ಕಿಳಿಯಬೇಕು. ಭಾರ್ಗವನಿಗೆ ಇದು ಗೊತ್ತಿರಲಿಲ್ಲ. ಅವಳು ಬಗ್ಗಿ, ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಮಣ್ಣು ಸಡಿಲಿಸಿಕೊಂಡು ಗಿಡ ಬಂತು, ಬುಡದ ತುಂಬ ಗೊಂಚಲು ಗೊಂಚಲಾಗಿ ದುಂಡಗಿನ ಕಾಯಿ. "ಅಯ್ಯೋ ನಮ್ಮವ್ವಾ!" ಎಂದು ಕೂಗಿಬಿಟ್ಟಳು. ಕೂಲಿಗೆ ಬಂದಿದ್ದ ಮಾನಮ್ಮ ಚಪ್ಪಾಳೆ ತಟ್ಟಿದಳು. ಮುನಿಆಂಜನಪ್ಪ ಕುರ್ಚಿಯಿಂದ ಎದ್ದ. ಆಂಜನಮ್ಮ ಗಿಡ ಕೊಡವಿ, ಅತಿ ದೊಡ್ಡ ಕಾಯನ್ನು ಆರಿಸಿ ಕಿತ್ತು, ಸೆರಗಿನಲ್ಲಿ ಒರೆಸಿ, ಅಳಿಯನ ಅಂಗೈಯಲ್ಲಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

"ಒಡೀರಿ ಅಳಿಯಂದ್ರೆ. ಮೊದಲು ನೀವು."

ಕಾಯಿ ಹಗುರವಾಗಿತ್ತು. ಎಷ್ಟು ಹಗುರವೆಂದರೆ ಅಂಗೈಗೆ ಬಿದ್ದ ಕೂಡಲೆ ಅವನಿಗೆ ಗೊತ್ತಾಯಿತು. ಬೇಡ, ಇನ್ನೊಬ್ಬರು ಯಾರಾದರೂ ಒಡೆಯಲಿ ಎಂದು ಅವನ ಮನಸ್ಸು ಚೀರಿತು. ಎಲ್ಲರೂ ನೋಡುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದ. ಟಪ್ ಎಂದಿತು. ಒಳಗೆ ಬೆಳ್ಳನೆಯ ಪೊರೆ, ಮೂಲೆಯಲ್ಲಿ ಸಾಸಿವೆಯಷ್ಟು ಸುಕ್ಕಿದ ಏನೋ ಒಂದು.

ಅವಳು ಮೊದಲು ನಕ್ಕಳು. ಒಂದೊಂದು ಹಂಗೆ ಇರ್ತದೆ ಎಂದು ಇನ್ನೊಂದು ಕಿತ್ತು ತಾನೇ ಒಡೆದಳು. ಇನ್ನೊಂದು. ಕೂತುಕೊಂಡು ಗಿಡವನ್ನು ಮಡಿಲಿಗೆ ಹಾಕಿಕೊಂಡು ಒಂದಾದ ಮೇಲೊಂದು ಒಡೆಯತೊಡಗಿದಳು. ಅಲ್ಲೊಂದು ಇಲ್ಲೊಂದರಲ್ಲಿ ಕಾಳಿತ್ತು, ಅದನ್ನೂ ಸೀಳಿದರೆ ನಡುವೆ ಕಪ್ಪು. ಮಾನಮ್ಮ ಹೊಲದ ನಡುವಿನಿಂದ, ಆ ತುದಿಯಿಂದ ಗಿಡ ಕಿತ್ತು ತಂದು ಹಾಕಿದಳು. ಎಲ್ಲ ಕಡೆಯೂ ಅದೇ. ಸಿಪ್ಪೆ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಬಾಲ್ಕನಿಯ ಜನ ಏನಾಯಿತೆಂದು ತಿಳಿಯದೆ ಇನ್ನೂ ಫೋನು ಹಿಡಿದಿದ್ದರು.

ಮುನಿಆಂಜನಪ್ಪ ಹೆಂಡತಿಯನ್ನು ಏನೂ ಅನ್ನಲಿಲ್ಲ. ಗೆದ್ದವನಿಗೆ ಅಷ್ಟು ಮರ್ಯಾದೆ ಇತ್ತು. ತಿರುಗಿದ್ದು ಅಳಿಯನ ಕಡೆ. "ಏನ್ ಡಾಕ್ಟ್ರೇ? ಮೂರು ಹೊತ್ತೂ ಮನೇಲೇ ಉಣ್ತೀರಲ್ಲ. ಇವಳು ದಿನಾ ಬದುವಿನ ಮೇಲೆ ಕುಂತಿರ್ತಿದ್ಲು, ಏನ್ ಹೇಳ್ಕೊಟ್ರಿ ಇವ್ಳಿಗೆ? ನಿಮ್ಮನ್ನ ಕೇಳೇ ಮಾಡಿದ್ದಲ್ವಾ ಇದೆಲ್ಲಾ?"

ಈಗ ಅವಳು ಹೇಳುತ್ತಾಳೆ ಎಂದು ಭಾರ್ಗವ ಕಾದ. ಪೊಟ್ಯಾಷ್ ಹಾಕಿ ಅಂದ್ರು ಎಂದು ಅವಳು ಅಂದರೆ ಸಾಕು, ಎಲ್ಲ ಬಯಲಾಗುತ್ತದೆ. ಆಗಲಿ ಎಂದೂ ಒಂದು ಕ್ಷಣ ಅನ್ನಿಸಿತು, ಯಾರಾದರೂ ತನ್ನ ಕಪಾಳಕ್ಕೆ ಬಿಗಿಯಲಿ, ಮುಗಿದುಹೋಗಲಿ. ಆಂಜನಮ್ಮ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು.

"ಅವರನ್ನ ಯಾಕಂತೀರಿ," ಎಂದಳು. "ಅವರನ್ನ ನಾನು ಒಂದ್ ಮಾತೂ ಕೇಳ್ಲಿಲ್ಲ. ನಂದೇ ಹಮ್ಮು. ಹಾಕಿದ್ದೆಲ್ಲಾ ನಾನೇ, ಅಂಗಡಿಯವನ ಮಾತು ಕೇಳ್ಕೊಂಡು."

ಭಾರ್ಗವ ತಲೆ ತಗ್ಗಿಸಿದ. ಅವಳಿಗೆ ತಿಳಿದದ್ದು ಇಷ್ಟೇ, ಅಳಿಯ ತನಗೆ ತಿಳಿದದ್ದು ಹೇಳಿದ, ಪಾಪ, ಅದು ಫಲಿಸಲಿಲ್ಲ, ಇವರೆಲ್ಲರ ಮುಂದೆ ಅವನ ಮಾನ ಯಾಕೆ ಹೋಗಬೇಕು. ಅದನ್ನು ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಳು, ಅದೂ ತನ್ನ ಹೊಲ ಕೈಬಿಡುತ್ತಿರುವ ಹೊತ್ತಿನಲ್ಲಿ. ಆಗ ವೆಂಕಟಸ್ವಾಮಿ ಕೆಮ್ಮಿ, ವ್ಯವಹಾರದವನ ಮೆತ್ತನೆಯ ದನಿಯಲ್ಲಿ, "ಅಕ್ಕನ ಮನಸ್ಸು ನೋಯಿಸಿ ನನಗೇನೂ ಬೇಡಪ್ಪ. ಸಾರ್, ನೀವು ಓದಿದೋರು, ನೀವೇ ಹೇಳಿ. ಮುಂದಿನ ವರ್ಷಕ್ಕಾದ್ರೂ ಇದರಲ್ಲಿ ಬೆಳೆ ಬರುತ್ತಾ? ಬರೋಹಂಗಿದ್ರೆ ನಾನು ಎದ್ದು ಹೋಗ್ತೀನಿ," ಎಂದ.

ಬರುತ್ತದೆ. ಎರಡು ಮೂಟೆ ಜಿಪ್ಸಮ್. ಇಷ್ಟು ಹೇಳಿದರೆ ಸಾಕಿತ್ತು. ಆಂಜನಮ್ಮ ಕೂಡ ಅವನನ್ನೇ ನೋಡುತ್ತಿದ್ದಳು, ಸಿಪ್ಪೆಯ ಧೂಳು ಹತ್ತಿದ ಕೈಯನ್ನು ಎದೆಯ ಹತ್ತಿರ ಹಿಡಿದು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಈ ವರ್ಷ ಯಾಕೆ ಹೇಳಲಿಲ್ಲ? ಆ ಪ್ರಶ್ನೆ ಕೇಳುವವನು ಮಾವನಾಗಿದ್ದರೆ ಸಹಿಸಬಹುದಿತ್ತು. ಕೇಳುವವಳು ಇವಳು. ಇವಳು ಕೇಳುವುದೂ ಇಲ್ಲ, ಸುಮ್ಮನೆ ತನ್ನ ಮುಖ ನೋಡುತ್ತಾಳೆ, ನೋಡುತ್ತ ನೋಡುತ್ತ ಅವಳಿಗೆ ಅರ್ಥವಾಗುತ್ತದೆ. ಅದೊಂದು ಆಗಬಾರದು. ಒಂದು ಹೊಲ ಹೋದರೆ ಹೋಗಲಿ. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬೆರಳುಗಳ ನಡುವೆ ಉಜ್ಜಿ, ಮೂಸಿ ನೋಡಿದ. ಮಣ್ಣು ತಣ್ಣಗೆ, ಒಳ್ಳೆಯ ವಾಸನೆಯಾಗಿತ್ತು.

"ಬರಲ್ಲ," ಎಂದ. "ಈ ಮಣ್ಣು ಸತ್ತೋಗಿದೆ. ಸುತ್ತ ಕಟ್ಟಡ ಎದ್ದು ಎಲ್ಲ ಕೆಟ್ಟಿದೆ. ಏನು ಹಾಕಿದ್ರೂ ಅಷ್ಟೇ."

ದನಿ ಎಲ್ಲೂ ನಡುಗಲಿಲ್ಲ. ಆಫೀಸಿನಲ್ಲಿ ಮೀಟಿಂಗಿನಲ್ಲಿ ಮಾತಾಡುವಾಗಲೂ ಅಷ್ಟು ಸ್ಪಷ್ಟವಾಗಿ ಅವನು ಎಂದೂ ಮಾತಾಡಿರಲಿಲ್ಲ. ಮುನಿಆಂಜನಪ್ಪ ಹತ್ತಿರ ಬಂದು ಅವನ ಬೆನ್ನು ತಟ್ಟಿ, "ಹಂಗ್ ಹೇಳಪ್ಪ, ಓದಿದೋರ ಮಾತು ಅಂದ್ರೆ ಇದು," ಎಂದ. ಅಪ್ಪ ಎಂದು ಮಾವ ಅವನನ್ನು ಕರೆದದ್ದು ಅದೇ ಮೊದಲು. ಭಾರ್ಗವನ ಬೆನ್ನು, ಅವನನ್ನು ಕೇಳದೆಯೇ, ನೆಟ್ಟಗಾಯಿತು. ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿದರು. ಆಂಜನಮ್ಮ ಕೈ ತೊಳೆದುಕೊಂಡು ಬಂದು, ಎಲ್ಲಿ ಎಂದು ಕೇಳಿ, ತೋರಿಸಿದ ಕಡೆಯೆಲ್ಲ ನಿಧಾನವಾಗಿ ಅಕ್ಷರ ಬಿಡಿಬಿಡಿಯಾಗಿ ಬರೆದು ಒಳಗೆ ಹೋದಳು.

ಊಟಕ್ಕೆ ಭಾರ್ಗವನನ್ನು ವೆಂಕಟಸ್ವಾಮಿಯ ಪಕ್ಕದಲ್ಲಿ ಕೂರಿಸಿದರು. ಹೊಸ ಕಟ್ಟಡದಲ್ಲಿ ಅಳಿಯಂದ್ರ ಹೆಸರಿಗೇ ಒಂದು ಫ್ಲಾಟು ಎಂದು ಮಾವ ಎಲ್ಲರ ಮುಂದೆ ಅಂದ, ಗೇಲಿಯಿಲ್ಲದೆ ಅಂದ. ಅವರು ಮಟನ್ ಮುಗಿಸಿ ಕೈ ತೊಳೆಯಲು ಎದ್ದ ಮೇಲೆ ಎಲೆಯ ಮುಂದೆ ಇವನೊಬ್ಬನೇ ಉಳಿದ. ಆಂಜನಮ್ಮ ಅವನ ಪಾತ್ರೆಯ ಹುರುಳಿ ಸಾರು ತಂದು ಮುದ್ದೆಯ ಸುತ್ತ ಬಡಿಸಿದಳು. ಹೊಸ ಸೀರೆ ಬದಲಾಯಿಸಿ ಹಳೆಯದು ಉಟ್ಟಿದ್ದಳು. ಸೌಟು ಹಿಡಿದುಕೊಂಡೇ ಅವನ ಎದುರು ಕೂತಳು.

"ಅಳಿಯಂದ್ರೆ, ಒಂದ್ ಮಾತು ಕೇಳ್ತೀನಿ. ನಿಜ ಹೇಳ್ಬೇಕು."

ಅವನ ಕೈಯ ತುತ್ತು ನಿಂತಿತು.

"ಅದು ಯಾವಾಗ ಸತ್ತಿದ್ದು?" ಎಂದಳು. "ದಿನಾ ಹೋಗ್ತಿದ್ದೆ, ದಿನಾ ಅಲ್ಲೇ ಕುಂತಿರ್ತಿದ್ದೆ. ನಂಗೆ ಗೊತ್ತೇ ಆಗ್ಲಿಲ್ಲ ನೋಡಿ."

ಅವನು ತುತ್ತನ್ನು ಬಾಯಿಗಿಟ್ಟು ನುಂಗಿದ. "ಬಹಳ ದಿನ ಆಗಿತ್ತು ಅತ್ತೆ," ಎಂದ.

ಅವಳು ಹೂಂಗುಟ್ಟಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಇನ್ನೊಂದು ಸೌಟು ಸಾರು ಹಾಕಿದಳು. "ನೀವೊಬ್ಬರು ಇದ್ದದ್ದಕ್ಕೆ ಸರಿಹೋಯ್ತು," ಎಂದಳು. "ಇಲ್ದಿದ್ರೆ ನಾನು ಬದುಕೈತೆ ಅಂತಾನೇ ಹಟ ಹಿಡೀತಿದ್ದೆ."